ಲಿಂಬೆ ಸಿಪ್ಪೆಯ ಎಣ್ಣೆ: ಮೂಗಿಗೆ ಹಿತ, ಮೈಗೆ ಹಚ್ಚುವ ಮುಂಚೆ ಇದನ್ನ ಓದಿ



ಲಿಂಬೆ ತೋಟ ಇರೋರಿಗೆ ಜುಲೈ-ಆಗಸ್ಟ್ ತಿಂಗಳ ಕಷ್ಟ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಒಂದೊಂದು ಹಣ್ಣನ್ನೂ ಎಣಿಸಿ ಕೊಡ್ತೀವಿ. ಮಳೆ ಶುರುವಾಗಿ ಅಂಬೆ ಬಹಾರ್ ಹಣ್ಣು ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ಸಾವಿರ ಹಣ್ಣಿನ ಚೀಲಕ್ಕೆ ಬರೋ ದುಡ್ಡು, ಹಣ್ಣು ಆರಿಸಿದ ಕೂಲಿಗೂ ಗಾಡಿ ಬಾಡಿಗೆಗೂ ಸಾಲಲ್ಲ. ಇಂಡಿ ತಾಲ್ಲೂಕಿನ ನಮ್ಮ ತೋಟದಲ್ಲಿ ಐದು ವರ್ಷದ ಹಿಂದೆ ಹಿಂಗೇ ಆಯ್ತು. ಗಿಡದ ಬುಡದಲ್ಲಿ ಹಣ್ಣು ಹಳದಿ ಹಾಸಿಗೆ ಹಾಸಿದಂಗೆ ಬಿದ್ದಿದ್ದವು.

ನಾನು ತೋಟಗಾರಿಕೆ ಪದವಿ ಓದಿದವನು. ಸಿಪ್ಪೆಯಲ್ಲಿ ಸುಗಂಧ ತೈಲ ಇದೆ ಅಂತ ಗೊತ್ತಿತ್ತು. ಮೊಬೈಲಲ್ಲಿ ನೋಡಿದ್ರೆ 10 ಮಿಲಿಯ ಸಣ್ಣ ಬಾಟಲಿ ನೂರಾರು ರೂಪಾಯಿಗೆ ಮಾರಾಟ ಆಗ್ತಿತ್ತು. ‘ಅರೋಮಾಥೆರಪಿ’, ‘ಒತ್ತಡ ಮಾಯ’, ‘ಕೀಲುನೋವಿಗೆ ರಾಮಬಾಣ’ ಅಂತೆಲ್ಲ ಬರೆದಿದ್ರು. ಹಣ್ಣು ಕೊಳೀತಿರೋದು ನಮ್ಮಲ್ಲಿ, ದುಡ್ಡು ಮಾಡ್ಕೊಳ್ಳೋರು ಇನ್ಯಾರೋ ಅನ್ನಿಸ್ತು.

ಎರಡು ಬುಟ್ಟಿ ಹಣ್ಣು ತಂದು, ಸಿಪ್ಪೆ ಹಿಂಡಿ ಹಿಂಡಿ, ಬಟ್ಟೆಯಲ್ಲಿ ಸೋಸಿ ಸುಮಾರು 10 ಮಿಲಿ ಎಣ್ಣೆ ತೆಗೆದೆ. ಅದನ್ನ 100 ಮಿಲಿ ಕುಸುಬಿ ಎಣ್ಣೆಗೆ ಬೆರೆಸಿದೆ. ಮನೆಯೆಲ್ಲ ಘಮಘಮ. ಕಳೆ ತೆಗೆದು ಕೈನೋವು ಅಂತಿದ್ದ ನಮ್ಮವ್ವನಿಗೆ ಬೆಳಿಗ್ಗೆ ಎರಡೂ ಮುಂಗೈಗೆ ತಿಕ್ಕಿದೆ. ಅವ್ವ ಖುಷಿಯಿಂದ ಹೊಲಕ್ಕೆ ಹೋದಳು. ಅವತ್ತು ಮೋಡ ಸರಿದು ಬಿಸಿಲು ಬಿದ್ದಿತ್ತು.

ಮರುದಿನ ರಾತ್ರಿ ಅವ್ವ ಕೈ ಮುಂದೆ ಹಿಡಿದು ಬಂದಳು. “ತಮ್ಮಾ, ಕೈ ಉರಿಯಾಕ ಹತ್ತ್ಯಾವ ನೋಡೋ. ಬೆಂಕಿ ಬಿದ್ದಂಗ ಆಗ್ಯಾವ.” ಚರ್ಮ ಕೆಂಪಾಗಿತ್ತು. ಮೂರನೇ ದಿನ ಗುಳ್ಳೆ ಎದ್ದವು. ಚರ್ಮದ ಡಾಕ್ಟರ ಹತ್ತಿರ ಕರಕೊಂಡು ಹೋದರೆ ಅವರು ಕೈ ನೋಡಿ ಕೇಳಿದ ಮೊದಲ ಪ್ರಶ್ನೆ: “ಲಿಂಬೆಹಣ್ಣಿನದು ಏನಾದ್ರೂ ಹಚ್ಚಿ ಬಿಸಿಲಿಗೆ ಹೋಗಿದ್ರಾ?” ಗುಳ್ಳೆ ವಾರದಲ್ಲಿ ಒಣಗಿದವು. ಕಪ್ಪು ಕಲೆ ಹೋಗೋಕೆ ನಾಲ್ಕು ತಿಂಗಳು ಬೇಕಾಯ್ತು. ಅಷ್ಟೂ ದಿನ ಅವ್ವ ಊಟ ಬಡಿಸೋವಾಗೆಲ್ಲ ಆ ಕೈ ನನ್ನ ಕಣ್ಣಿಗೆ ಬೀಳ್ತಿತ್ತು.

ಈಗ ನಮ್ಮ ಮನೇಲಿ ಲಿಂಬೆ ಎಣ್ಣೆ ಇದೆ, ಅವ್ವನೂ ಬಳಸ್ತಾಳೆ. ಆದ್ರೆ ಅದು ಬೇರೆ ರೀತಿ ತೆಗೆದ ಎಣ್ಣೆ, ಬಳಸೋ ರೀತಿನೂ ಬೇರೆ. ಆ ವ್ಯತ್ಯಾಸ ಏನು, ಈ ಎಣ್ಣೆಯಿಂದ ನಿಜಕ್ಕೂ ಏನು ಉಪಯೋಗ, ನಮ್ಮಂಥ ಬೆಳೆಗಾರರಿಗೆ ಇದರಲ್ಲಿ ಏನಿದೆ ಅಂತ ಈ ವಾರ ನೋಡೋಣ.

ಎಣ್ಣೆ ಇರೋದು ಎಲ್ಲಿ?

ಒಂದು ಲಿಂಬೆಹಣ್ಣು ಕೈಗೆ ತಗೊಂಡು ಸಿಪ್ಪೆಯನ್ನ ಹತ್ತಿರದಿಂದ ನೋಡಿ. ಸೂಜಿಯಿಂದ ಚುಚ್ಚಿದಂಗೆ ಸಣ್ಣ ಸಣ್ಣ ಚುಕ್ಕೆ ಕಾಣ್ತವೆ. ಅವೇ ಎಣ್ಣೆ ಗ್ರಂಥಿಗಳು. ಮೇಲಿನ ಹಸಿರು ಅಥವಾ ಹಳದಿ ಪದರದಲ್ಲಿ ಮಾತ್ರ ಇರ್ತವೆ. ಒಳಗಿನ ಬಿಳಿ ಪದರದಲ್ಲಿ ಎಣ್ಣೆ ಇಲ್ಲ, ರಸದಲ್ಲೂ ಹೆಚ್ಚುಕಮ್ಮಿ ಇಲ್ಲ.

ಕಿತ್ತಳೆ, ಮೋಸಂಬಿ, ಲಿಂಬೆ, ಗಜನಿಂಬೆ, ಚಕ್ಕೋತ ಎಲ್ಲದರ ಸಿಪ್ಪೆ ಎಣ್ಣೆಯಲ್ಲೂ ಮುಖ್ಯವಾಗಿ ಇರೋದು ಲಿಮೋನಿನ್ ಅನ್ನೋ ವಸ್ತು. ಕಿತ್ತಳೆ ಎಣ್ಣೆಯಲ್ಲಿ ಇದು ಶೇ 90ಕ್ಕೂ ಹೆಚ್ಚು. ನಮ್ಮ ಕಾಗ್ಜಿ ಲಿಂಬೆಯಲ್ಲಿ ಅರ್ಧದ ಆಸುಪಾಸು. ಉಳಿದ ಭಾಗದಲ್ಲಿ ಪೈನೀನ್, ಟರ್ಪಿನೀನ್, ಸಿಟ್ರಾಲ್ ಥರದ ಹತ್ತಾರು ವಸ್ತುಗಳಿವೆ. ಲಿಂಬೆಗೆ ಲಿಂಬೆಯದೇ ವಾಸನೆ ಬರೋದು ಈ ಮಿಶ್ರಣದಿಂದ.

ಮನೇಲೇ ಒಂದು ಪರೀಕ್ಷೆ ಮಾಡಿ ನೋಡಿ. ಸಿಪ್ಪೆ ಮಡಚಿ, ಊದಿದ ಬಲೂನಿನ ಮೇಲೆ ಎಣ್ಣೆ ಚಿಮ್ಮಿಸಿ. ಬಲೂನು ಪಟ್ ಅಂತ ಒಡೆಯುತ್ತೆ. ಥರ್ಮಕೋಲ್ ಮೇಲೆ ಒಂದು ಹನಿ ಬಿಟ್ಟರೆ ಅಲ್ಲಿ ಗುಂಡಿ ಬೀಳುತ್ತೆ. ರಬ್ಬರ್, ಥರ್ಮಕೋಲನ್ನೇ ಕರಗಿಸೋ ವಸ್ತು ಇದು. ‘ನೈಸರ್ಗಿಕ’ ಅಂದ ಮಾತ್ರಕ್ಕೆ ಸಾಧು ಅಂತ ತಿಳ್ಕೋಬೇಡಿ. ನಾನು ಮಾಡಿದ ಮೊದಲ ತಪ್ಪು ಅದೇ.

ಒಂದೇ ಸಿಪ್ಪೆ, ಎರಡು ಥರದ ಎಣ್ಣೆ

ಸಿಟ್ರಸ್ ಎಣ್ಣೆ ತೆಗೆಯೋಕೆ ಎರಡು ದಾರಿ ಇವೆ.

ಮೊದಲನೆಯದು ಹಿಂಡಿ ತೆಗೆಯೋದು. ಬಾಟಲಿ ಮೇಲೆ ‘ಕೋಲ್ಡ್ ಪ್ರೆಸ್ಡ್’ ಅಂತ ಬರೆದಿರ್ತಾರೆ. ಇಟಲಿಯ ಸಿಸಿಲಿ, ಕಲಾಬ್ರಿಯಾ ಕಡೆ ಹಿಂದೆ ಸಿಪ್ಪೆಯನ್ನ ಸ್ಪಂಜಿಗೆ ಒತ್ತಿ ಕೈಯಿಂದಲೇ ಎಣ್ಣೆ ತೆಗೀತಿದ್ರು. ಈಗ ಯಂತ್ರ ಬಂದಿವೆ. ಈ ಎಣ್ಣೆಯ ವಾಸನೆ ತಾಜಾ ಹಣ್ಣಿನಂಗೇ ಇರುತ್ತೆ. ಆದ್ರೆ ಸಿಪ್ಪೆಯಲ್ಲಿರೋ ಫ್ಯುರಾನೊಕೂಮರಿನ್ ಅನ್ನೋ ಭಾರವಾದ ವಸ್ತುಗಳೂ ಜೊತೆಗೇ ಬಂದುಬಿಡ್ತವೆ. ಚರ್ಮದ ಮೇಲೆ ಇವಿದ್ದಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ರೆ ಚರ್ಮ ಸುಟ್ಟಂಗಾಗುತ್ತೆ. ಅವ್ವನ ಕೈಗೆ ಆಗಿದ್ದು ಇದೇ. ಉರಿ ತಕ್ಷಣ ಶುರುವಾಗಲ್ಲ, ಸಾಮಾನ್ಯವಾಗಿ ಒಂದು ದಿನ ಬಿಟ್ಟು ಶುರುವಾಗಿ ಎರಡು-ಮೂರನೇ ದಿನಕ್ಕೆ ಜೋರಾಗುತ್ತೆ. ಹಾಗಾಗಿ ಇದು ಎಣ್ಣೆಯಿಂದಲೇ ಆಯ್ತು ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.

ಎರಡನೆಯದು ಉಗಿಯಲ್ಲಿ ಭಟ್ಟಿ ಇಳಿಸೋದು. ಎಣ್ಣೆ ಉಗಿಯ ಜೊತೆ ಮೇಲೇರುತ್ತೆ. ಫ್ಯುರಾನೊಕೂಮರಿನ್‌ಗಳು ಆವಿಯಾಗೋದಿಲ್ಲ, ಪಾತ್ರೆಯಲ್ಲೇ ಉಳೀತವೆ. ಹಾಗಾಗಿ ಭಟ್ಟಿ ಇಳಿಸಿದ ಲಿಂಬೆ ಎಣ್ಣೆಗೆ ಈ ಬಿಸಿಲಿನ ತೊಂದರೆ ಇಲ್ಲ. ವಾಸನೆ ಮಾತ್ರ ಸ್ವಲ್ಪ ಬದಲಾಗುತ್ತೆ. ಹುಳಿ ರಸದ ಜೊತೆಗೇ ಇಳಿಸಿದ್ರೆ ಇನ್ನೂ ಬದಲಾಗುತ್ತೆ. ಕೋಲಾ ಪಾನೀಯಗಳ ಪರಿಮಳದಲ್ಲಿ ಬಳಕೆಯಾಗೋದು ಆ ಥರದ ಲಿಂಬೆ ಎಣ್ಣೆ.

ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆ ಇಫ್ರಾ ಇದಕ್ಕೆ ಮಿತಿ ಹಾಕಿದೆ. ಮೈಗೆ ಹಚ್ಚಿ ಹಾಗೇ ಬಿಡೋ ಉತ್ಪನ್ನದಲ್ಲಿ ಹಿಂಡಿ ತೆಗೆದ ಲಿಂಬೆ ಎಣ್ಣೆ ಶೇ 0.7 ದಾಟಬಾರದು. ಲೆಮನ್‌ಗೆ ಶೇ 2, ಬರ್ಗಮಾಟ್‌ಗೆ ಶೇ 0.4. ನಾನು ಬೆರೆಸಿದ್ದು ಸುಮಾರು ಶೇ 9, ಅಂದ್ರೆ ಮಿತಿಯ ಹತ್ತು ಪಟ್ಟಿಗೂ ಹೆಚ್ಚು. ಸಿಹಿ ಕಿತ್ತಳೆ ಎಣ್ಣೆಗೆ ಈ ಬಿಸಿಲಿನ ಮಿತಿ ಇಲ್ಲ.

ತೋಟದಲ್ಲಿ ಕೆಲಸ ಮಾಡೋರಿಗೆ ಇಲ್ಲೇ ಇನ್ನೊಂದು ಮಾತು. ಒಡೆದ ಹಣ್ಣು ಮುಟ್ಟಿದ ಮೇಲೆ, ಬಿಸಿಲಲ್ಲಿ ಕೂತು ಉಪ್ಪಿನಕಾಯಿಗೆ ಲಿಂಬೆ ಹೆಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಹಣ್ಣು ಆರಿಸೋರ ಕೈಮೇಲೆ ಏಳೋ ಕಾರಣ ಗೊತ್ತಿಲ್ಲದ ಕಪ್ಪು ಕಲೆಗೆ ಎಷ್ಟೋ ಸಲ ಇದೇ ಕಾರಣ.

ಅರೋಮಾಥೆರಪಿಯಲ್ಲಿ ಇದರ ಉಪಯೋಗ ಏನು?

ಅರೋಮಾಥೆರಪಿ ಅಂದ್ರೆ ಸಸ್ಯಗಳ ಸುಗಂಧ ತೈಲವನ್ನ ಮೂಸಿ ಅಥವಾ ತೆಳುವಾಗಿ ಬೆರೆಸಿ ಮೈಗೆ ಹಚ್ಚಿ ಆರಾಮ ಪಡೆಯೋ ಪದ್ಧತಿ. ಈ ಹೆಸರು ಜನಪ್ರಿಯವಾಗಿದ್ದು ಫ್ರಾನ್ಸಿನ ರಸಾಯನ ತಜ್ಞ ರೆನೆ ಮೋರಿಸ್ ಗಟ್‌ಫೋಸೆ 1937ರಲ್ಲಿ ಅದೇ ಹೆಸರಿನ ಪುಸ್ತಕ ಬರೆದಾಗ. ಹೆಸರು ಹೊಸದು, ಅಭ್ಯಾಸ ನಮಗೆ ಹೊಸದಲ್ಲ. ಘಾಟಿ ಹತ್ತೋ ಬಸ್ಸಿನಲ್ಲಿ ವಾಂತಿ ಬಂದಂಗಾದ್ರೆ ನಮ್ಮ ಅಜ್ಜಿಯಂದಿರು ಸೆರಗಿನಿಂದ ಲಿಂಬೆಹಣ್ಣು ತೆಗೆದು, ಉಗುರಿನಿಂದ ಗೀರಿ ಮೂಗಿಗೆ ಹಿಡೀತಿದ್ರು. ಉಗುರು ತಾಗಿದಾಗ ಒಡೆಯೋದು ಅದೇ ಎಣ್ಣೆ ಗ್ರಂಥಿ.

ವಾಕರಿಕೆಗೆ: ಈ ಬಗ್ಗೆ ನಡೆದ ಪ್ರಯೋಗಗಳಲ್ಲಿ 2014ರಲ್ಲಿ ಪ್ರಕಟವಾದ ಇರಾನಿನದು ಒಂದು. 100 ಗರ್ಭಿಣಿಯರನ್ನ ಎರಡು ಗುಂಪು ಮಾಡಿ, ವಾಕರಿಕೆ ಬಂದಾಗ ಒಂದು ಗುಂಪಿಗೆ ಲೆಮನ್ ಎಣ್ಣೆ, ಇನ್ನೊಂದಕ್ಕೆ ಬಾದಾಮಿ ಎಣ್ಣೆ ಮೂಸೋಕೆ ಕೊಟ್ಟರು. ನಾಲ್ಕು ದಿನಗಳಲ್ಲಿ ಲೆಮನ್ ಮೂಸಿದವರಲ್ಲಿ ವಾಕರಿಕೆ, ವಾಂತಿ ಹೆಚ್ಚು ಕಡಿಮೆಯಾಗಿತ್ತು. ಇದು ಸಣ್ಣ ಪ್ರಯೋಗ, ಬಳಸಿದ್ದು ಲೆಮನ್. ನಮ್ಮ ಕಾಗ್ಜಿ ಲಿಂಬೆ ಬೇರೆ ಜಾತಿ.

ಆತಂಕಕ್ಕೆ: 2000ನೇ ಇಸವಿಯಲ್ಲಿ ಆಸ್ಟ್ರಿಯಾದಲ್ಲಿ ಹಲ್ಲಿನ ಡಾಕ್ಟರ ಬಳಿ ಕಾಯುತ್ತಾ ಕೂತ 72 ಜನರ ಮೇಲೆ ಪ್ರಯೋಗ ಮಾಡಿದ್ರು. ಕಿತ್ತಳೆ ಎಣ್ಣೆಯ ಪರಿಮಳ ಹರಡಿದ ಕೋಣೆಯಲ್ಲಿ ಕೂತ ಮಹಿಳೆಯರಲ್ಲಿ ಆತಂಕ ಕಡಿಮೆ ಇತ್ತು, ಮನಸ್ಸು ಹಗುರವಾಗಿತ್ತು.

ದಣಿವಿಗೆ: ಇಲ್ಲಿ ನನ್ನ ಅನುಭವ ಹೇಳ್ತೀನಿ. ದಿನವೆಲ್ಲ ಹೊಲದಲ್ಲಿ ಕೆಲಸ ಮಾಡಿ ಬಂದು, ಸ್ನಾನ ಮಾಡಿ, ಬೆರೆಸಿದ ಎಣ್ಣೆಯನ್ನ ಕುತ್ತಿಗೆ, ಭುಜಕ್ಕೆ ತಿಕ್ಕಿಕೊಂಡ್ರೆ ಹಿತ ಅನ್ಸುತ್ತೆ. ಅದರಲ್ಲಿ ತಿಕ್ಕೋದರ ಪಾಲು ಎಷ್ಟು, ವಾಸನೆಯ ಪಾಲು ಎಷ್ಟು ಅಂತ ನಾನು ಲೆಕ್ಕ ಹಾಕೋಕೆ ಹೋಗಿಲ್ಲ. ಕೀಲುನೋವು ವಾಸಿ ಮಾಡುತ್ತೆ ಅಂತ ಮಾತ್ರ ಹೇಳಲ್ಲ. ಅವ್ವನ ಕೈನೋವು ಕಡಿಮೆ ಆಗಿದ್ದು ಡಾಕ್ಟರು ಹೇಳಿದ ವ್ಯಾಯಾಮದಿಂದ ಮತ್ತು ಕಳೆ ತೆಗೆಯೋ ಕೆಲಸ ಕಡಿಮೆ ಮಾಡಿದ್ದರಿಂದ.

ಒಟ್ಟಿನಲ್ಲಿ ವಾಕರಿಕೆ, ಆತಂಕ, ದಣಿವಿನ ಹೊತ್ತಲ್ಲಿ ಸಣ್ಣ ನೆಮ್ಮದಿ ಕೊಡೋ ವಸ್ತು ಇದು. ಬಿಪಿ, ಶುಗರ್, ಕ್ಯಾನ್ಸರ್‌ಗೆ ಔಷಧ ಅಂತ ಯಾರಾದ್ರೂ ಫಾರ್ವರ್ಡ್ ಕಳಿಸಿದ್ರೆ ಅಲ್ಲೇ ಅಳಿಸಿ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಬಳಸೋ ವಿಧಾನ

• ಪ್ರಯಾಣಕ್ಕೆ: ಕರವಸ್ತ್ರಕ್ಕೆ 1-2 ಹನಿ ಹಾಕಿ, ಮೂಗಿನಿಂದ ಸ್ವಲ್ಪ ದೂರ ಹಿಡಿದು ಮೂಸಿ. ಎಣ್ಣೆ ತಾಗಿದ ಜಾಗ ಮುಖಕ್ಕೆ ತಿಕ್ಕಬೇಡಿ.

• ಕೋಣೆಗೆ: ಡಿಫ್ಯೂಸರ್ ಇದ್ದರೆ ನೀರಿಗೆ 3-5 ಹನಿ, ಅರ್ಧ ಗಂಟೆ ಸಾಕು. ಇಲ್ಲದಿದ್ರೆ ಬಟ್ಟಲು ಬಿಸಿನೀರಿಗೆ ಎರಡು ಹನಿ ಹಾಕಿ ಮೂಲೆಯಲ್ಲಿಡಿ. ಕಿಟಕಿ ತೆರೆದಿರಲಿ.

• ಮೈಗೆ: ಭಟ್ಟಿ ಇಳಿಸಿದ ಎಣ್ಣೆಯಾದ್ರೆ 30 ಮಿಲಿ ಕೊಬ್ಬರಿ, ಎಳ್ಳು ಅಥವಾ ಕುಸುಬಿ ಎಣ್ಣೆಗೆ ಹೆಚ್ಚೆಂದರೆ 12 ಹನಿ. ಇದು ಸುಮಾರು ಶೇ 2 ಆಗುತ್ತೆ. ಹಿಂಡಿ ತೆಗೆದದ್ದಾದ್ರೆ 30 ಮಿಲಿಗೆ 4 ಹನಿ ಮೀರಬೇಡಿ, ಅದೂ ರಾತ್ರಿ ಮಾತ್ರ. ಹೇಗೆ ತೆಗೆದದ್ದು ಅಂತ ಬಾಟಲಿ ಮೇಲೆ ಬರೆದಿಲ್ಲ ಅಂದ್ರೆ ಹಿಂಡಿದ್ದು ಅಂತಲೇ ಲೆಕ್ಕ ಹಾಕಿ.

• ಮೊದಲ ಸಲ ಹಚ್ಚೋ ಮುಂಚೆ ಬೆರೆಸಿದ ಎಣ್ಣೆಯನ್ನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ 24 ಗಂಟೆ ನೋಡಿ. ತುರಿಕೆ, ಕೆಂಪು ಬಂದ್ರೆ ಬಿಟ್ಟುಬಿಡಿ.

ಮಾಡಬಾರದ್ದು

• ಕುಡಿಯಬೇಡಿ. ಲಿಂಬೆ ಶರಬತ್ತು ಬೇರೆ, ಲಿಂಬೆ ಎಣ್ಣೆ ಬೇರೆ. ಮಕ್ಕಳ ಕೈಗೆ ಸಿಗದಂಗೆ ಇಡಿ.

• ನೇರವಾಗಿ ಚರ್ಮಕ್ಕೆ, ಗಾಯಕ್ಕೆ, ಕಣ್ಣಿನ ಹತ್ತಿರ ಹಚ್ಚಬೇಡಿ. ಸ್ನಾನದ ಬಕೆಟ್ಟಿಗೂ ಹಾಕಬೇಡಿ. ಎಣ್ಣೆ ನೀರಲ್ಲಿ ಕರಗದೆ ಮೇಲೆ ತೇಲಿ, ಹಾಗೇ ಮೈಗೆ ಅಂಟುತ್ತೆ.

• ಅಸ್ತಮಾ ಇರೋರು, ಗರ್ಭಿಣಿಯರು, ಎಳೆ ಮಕ್ಕಳಿರೋ ಮನೆಯವರು ಡಾಕ್ಟರನ್ನ ಕೇಳಿಯೇ ಬಳಸಿ.

• ಬೆಕ್ಕಿಗೆ ಸಿಟ್ರಸ್ ಎಣ್ಣೆ ವಿಷ. ಅದರ ಮೈಗೆ ಹಚ್ಚೋದಂತೂ ಬೇಡವೇ ಬೇಡ.

• ಬೆಂಕಿಯಿಂದ ದೂರ ಇಡಿ. ಲಿಮೋನಿನ್ ಆವಿ ಸುಮಾರು 48 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿ ತಾಗಿದ್ರೆ ಹೊತ್ತಿಕೊಳ್ಳುತ್ತೆ. ಬೇಸಿಗೆಯಲ್ಲಿ ನಮ್ಮ ತಗಡಿನ ಶೆಡ್ಡು ಎಷ್ಟು ಕಾಯುತ್ತೆ ಅಂತ ನಿಮಗೇ ಗೊತ್ತು.

• ಹಳೆ ಎಣ್ಣೆ ಮೈಗೆ ಹಚ್ಚಬೇಡಿ. ಗಾಳಿ ಸೋಕಿ ಲಿಮೋನಿನ್ ಕೆಟ್ಟ ಮೇಲೆ ಚರ್ಮಕ್ಕೆ ಅಲರ್ಜಿ ತರುತ್ತೆ. ಕಂದು ಗಾಜಿನ ಬಾಟಲಿಯಲ್ಲಿ, ಬಾಯಿವರೆಗೂ ತುಂಬಿಸಿ, ಫ್ರಿಡ್ಜಿನಲ್ಲಿಡಿ. ತೆಗೆದ ತಾರೀಖು ಬರೆದಿಟ್ಟು ಒಂದು ವರ್ಷದೊಳಗೆ ಮುಗಿಸಿ. ಉಳಿದದ್ದನ್ನ ನೆಲ ಒರೆಸೋ ನೀರಿಗೆ ಹಾಕಿ.

ತೋಟದಲ್ಲೇ ಇಳಿಸೋದು ಹೇಗೆ?

ಅವ್ವನ ಕೈ ವಾಸಿಯಾದ ಮೇಲೆ ನಾವು ನಾಲ್ಕು ಜನ ಗೆಳೆಯರು ಸೇರಿ 50 ಲೀಟರಿನ ಸ್ಟೀಲ್ ಭಟ್ಟಿ ಪಾತ್ರೆ ಕೊಂಡೆವು. ಕೆಳಗೆ ನೀರು, ಮಧ್ಯೆ ಜಾಲರಿ, ಜಾಲರಿ ಮೇಲೆ ಸಿಪ್ಪೆ. ಉಗಿ ಮೇಲಿನ ಕೊಳವೆಯಿಂದ ಹೊರಬಂದು, ತಣ್ಣೀರಿನ ತೊಟ್ಟಿಯೊಳಗಿನ ಸುರುಳಿ ಕೊಳವೆಯಲ್ಲಿ ತಣ್ಣಗಾಗಿ ಹನಿಯುತ್ತೆ. ಲಿಂಬೆ ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತೆ. ಕೆಳಗಿನ ನೀರು ಬಿಟ್ಟು ಎಣ್ಣೆ ಬೇರೆ ಮಾಡ್ತೀವಿ. ಪರಿಮಳ ಉಳಿಯೋ ಆ ನೀರಿಗೆ ಹೈಡ್ರೋಸಾಲ್ ಅಂತಾರೆ.

ಕಲಿತ ಕೆಲವು ವಿಷಯ: ಬಲಿತ ಹಸಿರು ಹಣ್ಣಿನ ಸಿಪ್ಪೆ ಒಳ್ಳೇದು, ಕೊಳೆತದ್ದು ಬೇಡ. ಬಿಳಿ ಪದರ ಆದಷ್ಟು ಕಡಿಮೆ ಇರಲಿ. ಸಿಪ್ಪೆ ತೆಗೆದ ದಿನವೇ ಇಳಿಸಿ, ಇಟ್ಟಷ್ಟೂ ಎಣ್ಣೆ ಹಾರಿಹೋಗುತ್ತೆ. ನೀರು ಆರಿ ತಳ ಹಿಡಿದ್ರೆ ಸುಟ್ಟ ವಾಸನೆ ಬಂದು ಇಡೀ ಬ್ಯಾಚ್ ಹಾಳು. ಪಾತ್ರೆಯಲ್ಲಿ ಉಳಿದ ಸಿಪ್ಪೆಯನ್ನ ನೇರವಾಗಿ ಎರೆಹುಳು ತೊಟ್ಟಿಗೆ ಸುರಿಯಬೇಡಿ, ಹುಳುಗಳಿಗೆ ಆಗಲ್ಲ. ಸಗಣಿ, ಒಣ ಎಲೆ ಜೊತೆ ಬೇರೆ ಗುಂಡಿಯಲ್ಲಿ ಚೆನ್ನಾಗಿ ಕಳಿಸಿ, ಆಮೇಲೆ ಹಾಕಿ.

ಈಗ ಲೆಕ್ಕ. ಸಾವಿರ ಹಣ್ಣಿನ ಒಂದು ಚೀಲ ಸುಮಾರು 40 ಕೆಜಿ. ಅದರಿಂದ 11-12 ಕೆಜಿ ಸಿಪ್ಪೆ. ನಮಗೆ ಸಿಕ್ಕ ಎಣ್ಣೆ ಸುಮಾರು 90 ಮಿಲಿ, ಅಂದ್ರೆ 10 ಮಿಲಿಯ ಒಂಬತ್ತು ಬಾಟಲಿ. ಸಿಪ್ಪೆ ತೆಗೆಯೋಕೆ ಇಬ್ಬರಿಗೆ ಅರ್ಧ ದಿನ, ಭಟ್ಟಿಗೆ ಎರಡು ತಾಸು, ಮೇಲೆ ಕಟ್ಟಿಗೆ. ಎಣ್ಣೆಯೊಂದನ್ನೇ ನಂಬಿದ್ರೆ ಕೈ ಸುಟ್ಟುಕೊಳ್ತೀರಿ. ನಾವು ಸಿಪ್ಪೆ ತೆಗೆದ ಹಣ್ಣಿನ ರಸವನ್ನ ಶರಬತ್ತು ಮಾಡೋ ಮಹಿಳಾ ಸಂಘಕ್ಕೆ ಕೊಡ್ತೀವಿ. ಎರಡೂ ಸೇರಿದ್ರೆ ಮಾತ್ರ ಮಳೆಗಾಲದ ಹಣ್ಣು ಗುಂಡಿಗೆ ಹೋಗದೆ ಸ್ವಲ್ಪ ದುಡ್ಡು ತರುತ್ತೆ.

ಮಾರೋ ಮುಂಚೆ

ಕಿತ್ತಳೆ ಎಣ್ಣೆ ಬೆಳೆಯೋಕೆ ಮಾತ್ರ ಹೋಗ್ಬೇಡಿ. ಬ್ರೆಜಿಲ್‌ನಲ್ಲಿ ಜ್ಯೂಸ್ ಕಾರ್ಖಾನೆಗಳ ಉಪ ಉತ್ಪನ್ನವಾಗಿ ಅದು ಟನ್ನುಗಟ್ಟಲೆ ಬರುತ್ತೆ, ಆ ಬೆಲೆಗೆ ನಮ್ಮಿಂದ ಆಗಲ್ಲ. ನಮ್ಮ ಬಲ ಬೇರೆ ಕಡೆ ಇದೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ಊರಿನ ಹೆಸರಿಗೆ ಬೆಲೆ ಇದೆ. ಸಾವಯವ ಬೆಳೆಗಾರರಿಗೆ ಇನ್ನೊಂದು ಅನುಕೂಲ. ಸಿಂಪಡಿಸಿದ ಎಷ್ಟೋ ಕೀಟನಾಶಕ ಸಿಪ್ಪೆಯ ಮೇಲೇ ಉಳಿದು, ಹಿಂಡಿದಾಗ ಎಣ್ಣೆಗೆ ಸೇರುತ್ತೆ. ಔಷಧಿ ಹೊಡೆಯದ ಸಿಪ್ಪೆ ಅಂದ್ರೆ ತಿಳಿದವರು ಹುಡುಕಿಕೊಂಡು ಬರ್ತಾರೆ.

ಭಟ್ಟಿ ಇಳಿಸೋ ತರಬೇತಿ, ಗುಣಮಟ್ಟ ಪರೀಕ್ಷೆ ಬೇಕಾದ್ರೆ ಲಕ್ನೋದ ಸಿಮ್ಯಾಪ್ ಸಂಸ್ಥೆ ಇದೆ, ಬೆಂಗಳೂರಿನಲ್ಲೂ ಅದರ ಕೇಂದ್ರ ಇದೆ. ಮೈಗೆ ಹಚ್ಚೋ ಉತ್ಪನ್ನ ಅಂತ ತಯಾರಿಸಿ ಮಾರಬೇಕಂದ್ರೆ ಸೌಂದರ್ಯವರ್ಧಕ ತಯಾರಿಕೆಯ ಪರವಾನಗಿ ಬೇಕು. ರೋಗ ವಾಸಿಯಾಗುತ್ತೆ ಅಂತ ಸುಳ್ಳು ಜಾಹೀರಾತು ಹಾಕಿದ್ರೆ 1954ರ ಕಾಯ್ದೆ ಪ್ರಕಾರ ಕೇಸು ಬೀಳಬಹುದು. ಸ್ಟೇಟಸ್‌ನಲ್ಲಿ ಹಾಕೋ ಪೋಸ್ಟರಿಗೂ ಇದು ಅನ್ವಯ ಅಂತ ನೆನಪಿರಲಿ.

ನಮ್ಮ ಬಾಟಲಿ ಮೇಲೆ ನಾಲ್ಕೇ ಸಾಲು ಇರ್ತವೆ: ಯಾವ ಹಣ್ಣಿನದು, ಹೇಗೆ ತೆಗೆದದ್ದು, ಯಾವತ್ತು ತೆಗೆದದ್ದು, 30 ಮಿಲಿಗೆ ಎಷ್ಟು ಹನಿ. ನೀವು ಕೊಳ್ಳೋವಾಗಲೂ ಈ ನಾಲ್ಕು ಹುಡುಕಿ. ಜೊತೆಗೆ ಸಸ್ಯದ ಹೆಸರು ಸಿಟ್ರಸ್ ಅಂತ ಇದೆಯಾ ನೋಡಿ, ಯಾಕಂದ್ರೆ ಲಿಂಬೆಹುಲ್ಲಿನ ಎಣ್ಣೆಗೂ ಹೆಚ್ಚುಕಮ್ಮಿ ಅದೇ ಥರದ ವಾಸನೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಅಡುಗೆ ಎಣ್ಣೆ ಬೆರೆಸಿದ್ರೆ ಮರುದಿನವೂ ಜಿಡ್ಡಿನ ಕಲೆ ಹಾಗೇ ಇರುತ್ತೆ.

ನಿಮ್ಮ ಹತ್ತಿರವೂ ಈ ಮಳೆಗಾಲ ಹಣ್ಣು ಉಳಿದಿದ್ರೆ ಮೊದಲು ಒಂದೇ ಚೀಲ ತಗೊಂಡು, ಯಾರದಾದ್ರೂ ಭಟ್ಟಿಯಲ್ಲಿ ಇಳಿಸಿ ನೋಡಿ. ಯಂತ್ರ ಕೊಳ್ಳೋದು ಆಮೇಲೆ.

ಹೋದ ಆಷಾಢ ಏಕಾದಶಿಗೆ ಅವ್ವನ್ನ ಪಂಢರಪುರಕ್ಕೆ ಕರಕೊಂಡು ಹೋಗಿದ್ದೆ. ಬಸ್ಸು ತುಂಬಿತ್ತು. ಪಕ್ಕದ ಸೀಟಿನ ಅಕ್ಕನಿಗೆ ಹೊಟ್ಟೆ ತೊಳೆಸ್ತಿತ್ತು. ಅವ್ವ ತನ್ನ ಕರವಸ್ತ್ರಕ್ಕೆ ಒಂದು ಹನಿ ಹಾಕಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಆ ಅಕ್ಕ ಎದ್ದು ಕೂತು, “ಭಾಳ ಛಲೋ ವಾಸನಿ ಐತಿ, ಕೈಗಿ ಒಂಚೂರು ಹಚ್ಚರಿ” ಅಂತ ಕೈ ಚಾಚಿದಳು.

ಅವ್ವ ಬಾಟಲಿ ಮುಚ್ಚಳ ಬಿಗಿ ಮಾಡಿದಳು. “ಮೂಸಿ ನೋಡಾಕ ಎಷ್ಟು ಬೇಕಾದ್ರೂ ಮೂಸವ್ವಾ. ಹಚ್ಚಾಕ ಮಾತ್ರ ಅಳತಿ ಐತಿ. ಈ ನನ್ ಮಗನ್ನ ಕೇಳು, ಹೇಳ್ತಾನ.”